ಮಲೆನಾಡಿನ ಮಣ್ಣಲ್ಲಿ ಮೆಗ್ನೀಸಿಯಂ: ತೋಟದಿಂದ ತಟ್ಟೆಯವರೆಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಸೋಗೆ ಹಳದಿಗೆ ತಿರುಗಿದರೆ ಮನೆಮಂದಿಯ ನಿದ್ದೆ ಹಾರುತ್ತದೆ. ಅದು ಮೆಗ್ನೀಸಿಯಂ ಕೊರತೆಯಿರಬಹುದು, ಮದ್ದಿಲ್ಲದ ಹಳದಿ ಎಲೆ ರೋಗವೂ ಇರಬಹುದು. ಇವೆರಡನ್ನು ಬೇರ್ಪಡಿಸುವ ತಿಳಿವಳಿಕೆ ಬಂದದ್ದು ನಿಧಾನವಾಗಿ.

ಮೆಗ್ನೀಸಿಯಂನ ಸಂಯುಕ್ತವಾದ ಮೆಗ್ನೀಸಿಯ ಸುಣ್ಣಕ್ಕಿಂತ ಬೇರೆಯದೆಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1755ರ ಹೊತ್ತಿಗೆ ತೋರಿಸಿದರು. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಮೆಗ್ನೀಸಿಯಂ ಲೋಹವನ್ನು ಬೇರ್ಪಡಿಸಿದರು. ಹಸಿರೆಲೆಯ ಕ್ಲೋರೊಫಿಲ್ಲಿನಲ್ಲಿ ಮೆಗ್ನೀಸಿಯಂ ಇದೆಯೆಂದು ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಸಾಬೀತುಪಡಿಸಿ, 1915ರ ನೊಬೆಲ್ ಪಡೆದರು. ಸಸ್ಯದೊಳಗೆ ಇದು ಸುಲಭವಾಗಿ ಸಾಗುವ ಧಾತು. ಕೊರತೆಯಾದಾಗ ಹಳೆಯ ಎಲೆಯಿಂದ ಎಳೆಯ ಎಲೆಗೆ ಹೋಗುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಸೋಗೆ.

ಮಣ್ಣಿನಲ್ಲಿ ಮೆಗ್ನೀಸಿಯಂ ಅಯಾನು ತನ್ನ ಸುತ್ತ ನೀರಿನ ಅಣುಗಳನ್ನು ದಟ್ಟವಾಗಿ ಕಟ್ಟಿಕೊಂಡಿರುತ್ತದೆ. ಮಣ್ಣಿನ ಕಣಗಳು ಅದನ್ನು ಬಿಗಿಯಾಗಿ ಹಿಡಿದಿಡಲಾರವು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಶೃಂಗೇರಿಯಂಥ ಕಡೆ, ಹುಳಿ ಮಣ್ಣಿನಿಂದ ಅದು ನೀರಿನೊಂದಿಗೆ ಇಳಿದುಹೋಗುತ್ತದೆ. ಗೊಬ್ಬರದ ಪಾತ್ರವೂ ಇದೆ: ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡುವುದು ಶಿಫಾರಸು. ಪೊಟ್ಯಾಷ್ ಅತಿಯಾದರೆ ಬೇರಿಗೆ ಮೆಗ್ನೀಸಿಯಂ ದಕ್ಕುವುದು ಇನ್ನೂ ಕಡಿಮೆ.

ಹಳದಿ ಎಲೆ ರೋಗ ಮೊದಲು ವರದಿಯಾದದ್ದು 1914ರಲ್ಲಿ, ಕೇರಳದಲ್ಲಿ. ಶಿಲೀಂಧ್ರ, ಜಂತುಹುಳು, ಪೋಷಕಾಂಶದ ಕೊರತೆ, ನೀರು ನಿಲ್ಲುವುದು ಎಲ್ಲವನ್ನೂ ದಶಕಗಟ್ಟಲೆ ಶಂಕಿಸಿದರು. 1978ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಂಡಿತು. ಜಿಗಿಹುಳು ಅದನ್ನು ಹರಡುತ್ತದೆಂಬುದು ಆಮೇಲೆ ತಿಳಿಯಿತು. ರೋಗದ ಮರದಲ್ಲಿ ಸೋಗೆಯ ಜೊತೆಗೆ ಅಡಿಕೆಯ ತಿರುಳೂ ಕಪ್ಪಾಗಿ ಕೆಡುತ್ತದೆ. ಸುಣ್ಣ, ಗೊಬ್ಬರ, ಮೆಗ್ನೀಸಿಯಂ ಕೊಟ್ಟರೆ ಮರಕ್ಕೆ ಒಂದಷ್ಟು ತ್ರಾಣ ಬಂದೀತು, ರೋಗ ವಾಸಿಯಾಗದು. ಕೊರತೆಯೇ ಆಗಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಬೇಗ ಒದಗುತ್ತದೆ; ಡಾಲೊಮೈಟ್ ನಿಧಾನವಾದರೂ ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ.

ಮರಕ್ಕೆ ಬೇಕಾದ ಮೆಗ್ನೀಸಿಯಂ ಮನುಷ್ಯರಿಗೂ ಬೇಕು; ಪೋಷಣೆಯಲ್ಲಿ ಅದರ ಪಾತ್ರದ ಅಧ್ಯಯನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1932ರಲ್ಲಿ. ಅಮೆರಿಕದ ಇ.ವಿ. ಮೆಕಾಲಮ್ ಮತ್ತು ಸಹೋದ್ಯೋಗಿಗಳು ಮೆಗ್ನೀಸಿಯಂ ಇಲ್ಲದ ಆಹಾರ ತಿಂದ ಇಲಿಗಳಿಗೆ ಸೆಳೆತ ಬರುವುದನ್ನು ದಾಖಲಿಸಿದರು. ವಯಸ್ಕರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಗಂಡಸರಿಗೆ ದಿನಕ್ಕೆ 440, ಹೆಂಗಸರಿಗೆ 370 ಮಿ.ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 19 ಮಿ.ಗ್ರಾಂ, ತೌಡು ತೆಗೆಯದ ಅಕ್ಕಿಯಲ್ಲಿ 94, ರಾಗಿಯಲ್ಲಿ 146. ಅನ್ನವೇ ಮುಖ್ಯವಾದ ಮಲೆನಾಡಿನ ಊಟಕ್ಕೆ ಹರಿವೆ ಸೊಪ್ಪಿನ ಹುಳಿ, ಹೆಸರುಕಾಳಿನ ಪಲ್ಯ, ರಾಗಿ ಅಂಬಲಿ ಸೇರಿದರೆ ಕೊರತೆ ತುಂಬೀತು. ಸೊಪ್ಪು ಬೇಯಿಸಿದ ನೀರು ಚೆಲ್ಲಬಾರದು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮಾತ್ರೆ ನುಂಗಬಾರದು.

ಇಷ್ಟೆಲ್ಲ ತಿಳಿದ ಮೇಲೂ ತೋಟದ ಮಟ್ಟಿಗೆ ಒಂದು ಕೊರೆ ಉಳಿದಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಮೆಗ್ನೀಸಿಯಂ ಇಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಅದು ಸೇರಲೇಬೇಕು. ಅಲ್ಲಿಯವರೆಗೆ ಬೆಳೆಗಾರರು ಪ್ರಯೋಗಾಲಯಕ್ಕೆ ಮಣ್ಣಿನ ಜೊತೆ ಎಲೆಯನ್ನೂ ಕೊಟ್ಟು, ಮೆಗ್ನೀಸಿಯಂ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಲಿ. ಸೋಗೆಯ ಬಣ್ಣವೊಂದನ್ನೇ ನಂಬಿ ಗೊಬ್ಬರ ಸುರಿದರೆ ದುಡ್ಡೂ ಹೋಗುತ್ತದೆ, ರೋಗ ತಡೆಯಲು ಇದ್ದ ಸಮಯವೂ ಹೋಗುತ್ತದೆ.