ಬಲಗೈಗೆ ರಜೆ ಇಲ್ಲ...

ಡಿಸೆಂಬರ್ ಬಂತೆಂದರೆ ನನಗೆ 1996ರ ಒಂದು ಬೆಳಗು ನೆನಪಾಗುತ್ತದೆ. ನನಗಿಂತ ಮೊದಲು ನನ್ನ ಬಲಗೈ ಬೆರಳುಗಳಿಗೇ ನೆನಪಾಗುತ್ತದೆ ಅನ್ನಿ.

ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಮನೆ ಮಡಿಕೇರಿಯಲ್ಲಿ. ಅಪ್ಪನ ಯೆಜ್ಡಿಯನ್ನು ಒಂದು ವಾರದ ಮಟ್ಟಿಗೆ ಕಾಡಿ ಬೇಡಿ ಗಿಟ್ಟಿಸಿಕೊಂಡಿದ್ದೆ. ಒಂಬತ್ತಕ್ಕೆ ಲ್ಯಾಬ್ ಇತ್ತು, ಹಾಗಾಗಿ ಬೆಳಗ್ಗೆ ಐದೂವರೆಗೇ ಹೊರಡಬೇಕು. ಹೊರಗೆ ಬಂದು ನೋಡಿದರೆ ಅಪ್ಪ ಆಗಲೇ ಎದ್ದು ಬೈಕಿನ ಹ್ಯಾಂಡಲ್‌ಗೆ ಏನೋ ಕಟ್ಟುತ್ತಿದ್ದಾರೆ. ಹಳೇ ರೆಕ್ಸಿನ್‌ನಲ್ಲಿ ಹೊಲಿಸಿದ ಎರಡು ಚೀಲ! ಗ್ರಿಪ್ಪು, ಲಿವರು ಎಲ್ಲ ಅದರೊಳಗೆ. ಹಿಂದಿನಿಂದ ಕೈ ತೂರಿಸಿಕೊಂಡು ಓಡಿಸಬೇಕು.

"ಏನಪ್ಪಾ ಇದು, ನಾನು ಕಾಲೇಜಿಗೆ ಹೋಗ್ತಿರೋದು, ಹಾಲು ಹಾಕೋಕಲ್ಲ."

"ಸುಮ್ನೆ ಹೋಗೋ. ಗಾಳಿ ತಡೀಬೇಕು ಕಣೋ, ಚಳಿ ಅಲ್ಲ," ಎಂದರು. ಜೊತೆಗೆ ಹಿಂದಿನ ದಿನದ ಪೇಪರ್ ಮಡಿಚಿ ಸ್ವೆಟರಿನೊಳಗೆ ಎದೆಗೆ ಇಟ್ಟುಕೊಳ್ಳಲು ಕೊಟ್ಟರು.

ಮೊದಲ ತಿರುವು ದಾಟಿ ಅಪ್ಪನ ಕಣ್ಣಿಗೆ ಮರೆಯಾದ ತಕ್ಷಣ ಬೈಕ್ ನಿಲ್ಲಿಸಿ ಚೀಲ ಬಿಚ್ಚಿ ಬ್ಯಾಗಿಗೆ ತುರುಕಿದೆ. ಪೇಪರನ್ನೂ ತೆಗೆದೆ. ಇಪ್ಪತ್ತರ ವಯಸ್ಸಿನ ಹುಡುಗ, ಮೈಸೂರಿನಲ್ಲಿ ಯಾರಾದರೂ ನೋಡಿದರೆ ಮರ್ಯಾದೆ ಏನಾಗಬೇಕು? ಕೈಗೆ ತೆಳ್ಳನೆಯ ಉಣ್ಣೆ ಗ್ಲೌಸ್ ಇತ್ತು, ಸಾಕು ಅಂದುಕೊಂಡೆ.

ಸುಂಟಿಕೊಪ್ಪ ದಾಟುವ ಹೊತ್ತಿಗೆ ಬೆರಳುಗಳ ನೋವು ನಿಂತಿತ್ತು. ಅಭ್ಯಾಸ ಆಯಿತೆಂದು ಖುಷಿಪಟ್ಟೆ. ಆನೆಕಾಡಿನ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು ತೋಟದ ಕೆಲಸದವರನ್ನು ಹತ್ತಿಸಿಕೊಳ್ಳಲು ಗಕ್ಕನೆ ನಿಂತಿತು. ಬ್ರೇಕ್ ಹಿಡಿದೆ... ಹಿಡಿದೆ ಅಂದುಕೊಂಡೆ. ಬೆರಳುಗಳು ಲಿವರ್ ಮೇಲೇ ಇವೆ, ಕಣ್ಣಿಗೆ ಕಾಣುತ್ತಿವೆ, ಆದರೆ ಮಡಚುತ್ತಿಲ್ಲ! ಕಾಲಿನ ಬ್ರೇಕ್ ಒತ್ತಿದೆ. ಮಂಜಿಗೆ ಒದ್ದೆಯಾದ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿತು. ಬೈಕೂ ನಾನೂ ಪಕ್ಕದ ಲಂಟಾನ ಪೊದೆಯಲ್ಲಿ. ಬಸ್ಸಿನ ಹಿಂಭಾಗಕ್ಕೂ ನನ್ನ ತಲೆಗೂ ಎರಡು ಮಾರು ಅಂತರ ಇತ್ತು. ತಲೆಗೆ ಹೆಲ್ಮೆಟ್ ಇರಲಿಲ್ಲ.

ಕಂಡಕ್ಟರ್ ಬಂದು ಎತ್ತಿದರು. ನನ್ನ ಕೈ ನೋಡಿ, ಗ್ಲೌಸ್ ಕಿತ್ತು, ಬಿಸಿ ಸಿಲಿಂಡರಿನ ಹತ್ತಿರ ಹಿಡಿಸಿದರು. ಎರಡು ನಿಮಿಷಕ್ಕೆ ಬೆರಳಿಗೆ ಜೀವ ಬಂತು. ಜೊತೆಗೇ ಬಂದ ಆ ನೋವಿದೆಯಲ್ಲ, ಮಂಡಿ ತರಚಿದ್ದು ಅದರ ಮುಂದೆ ಏನೂ ಅಲ್ಲ.

ಚಳಿಯಲ್ಲಿ ಬೈಕ್ ಓಡಿಸುವವರು ಕೈ ಹೇಗೆ ಬೆಚ್ಚಗಿಟ್ಟುಕೊಂಡರು ಎಂಬ ಹುಚ್ಚು ಹಿಡಿದದ್ದು ಅಲ್ಲಿಂದ. ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಓದಿದಷ್ಟೂ ಅಪ್ಪನ ರೆಕ್ಸಿನ್ ಚೀಲ ಎದುರು ಬಂದು ನಿಲ್ಲುತ್ತಿತ್ತು :-)

ಮೊದಲು ಗಾಳಿಯ ವಿಷಯ. ಪಾಲ್ ಸೈಪಲ್ ಎಂಬ ಅಮೆರಿಕದವನು 1928ರಲ್ಲಿ ಬರ್ಡ್‌ನ ಅಂಟಾರ್ಕ್ಟಿಕಾ ಯಾತ್ರೆಗೆ ಸ್ಕೌಟ್ ಹುಡುಗನಾಗಿ ಹೋದವನು, ಮುಂದೆ ವಿಜ್ಞಾನಿಯಾದ. ಅದೇ ಅಂಟಾರ್ಕ್ಟಿಕಾದಲ್ಲಿ ಚಾರ್ಲ್ಸ್ ಪ್ಯಾಸೆಲ್ ಜೊತೆ ಸೇರಿ ಒಂದು ಸರಳ ಪ್ರಯೋಗ ಮಾಡಿದ. ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಹೊರಗೆ ನೇತುಹಾಕಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆದದ್ದು. ನಾವು 'ವಿಂಡ್ ಚಿಲ್' ಅನ್ನುವ ಲೆಕ್ಕ ಹುಟ್ಟಿದ್ದು ಹೀಗೆ. 2001ರಲ್ಲಿ ಅಮೆರಿಕ ಮತ್ತು ಕೆನಡಾ ಈ ಸೂತ್ರವನ್ನು ತಿದ್ದಿದವು. ತಿದ್ದಿದ ಸೂತ್ರದ ಪ್ರಕಾರ 10 ಡಿಗ್ರಿ ಚಳಿಯಲ್ಲಿ 60 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಚರ್ಮಕ್ಕೆ ಅದು 5 ಡಿಗ್ರಿ. 5 ಡಿಗ್ರಿ ಇದ್ದರೆ ಸೊನ್ನೆಗಿಂತ ಕೆಳಗೆ ಸುಮಾರು 2. ಬೈಕಿನವನಿಗೆ ಈ ಗಾಳಿ ಹವಾಮಾನದಿಂದ ಬರುವುದಲ್ಲ, ಎಕ್ಸಿಲರೇಟರ್ ತಿರುಗಿಸಿ ಅವನೇ ಮಾಡಿಕೊಳ್ಳುವುದು. ಇಡೀ ಮೈಯಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿಕೊಂಡು ಆ ಗಾಳಿಗೆ ಎದೆ ಕೊಡುವುದು ಕೈ. ಉಣ್ಣೆ ಗ್ಲೌಸಿನಲ್ಲಿ ಗಾಳಿ ಜರಡಿಯಲ್ಲಿ ನೀರು ಹೋದ ಹಾಗೆ ಹೋಗುತ್ತದೆ.

ಚರ್ಮದ ಬಿಸಿ 15 ಡಿಗ್ರಿಗಿಂತ ಇಳಿದರೆ ಬೆರಳಿನ ಚುರುಕು ಹೋಗುತ್ತದೆ. ಸುಮಾರು 8ಕ್ಕೆ ಬಂದರೆ ಸ್ಪರ್ಶವೇ ತಿಳಿಯುವುದಿಲ್ಲ. ನೋವು ನಿಂತಿತೆಂದು ನಾನು ಖುಷಿಪಟ್ಟೆನಲ್ಲ, ಅಸಲಿ ಅಪಾಯ ಶುರುವಾದದ್ದೇ ಆಗ.

ಈಗ ಶೀರ್ಷಿಕೆಗೆ ಬರುತ್ತೇನೆ. ಚಳಿಯಾದರೆ ಮನುಷ್ಯ ಕೈಯನ್ನು ಜೇಬಿಗೆ ಹಾಕುತ್ತಾನೆ. ಬೈಕಿನವನು ಯಾಕೆ ಹಾಕಲಾರ? ಹಳೆಯ ಕಾಲದವರು ಹಾಕುತ್ತಿದ್ದಿರಬಹುದು ಎಂಬುದೇ ನನಗೆ ಸಿಕ್ಕಿದ ದೊಡ್ಡ ಸಂಗತಿ! ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಸಂದೇಶವಾಹಕರು ಬೈಕ್ ಮೇಲೆ ಓಲೆ ಒಯ್ಯುತ್ತಿದ್ದರು. 1914ರಲ್ಲಿ ಸೇರಿದವರಲ್ಲಿ ಹಲವರು ಕಾಲೇಜು ಹುಡುಗರು. ಅವರಲ್ಲಿ ಒಬ್ಬ, ವಾಟ್ಸನ್ ಎಂಬವನು, 1915ರಲ್ಲಿ ಅನುಭವವನ್ನು ಪುಸ್ತಕವಾಗಿಯೂ ಬರೆದ. ಆ ಸೇನೆ ನೆಚ್ಚಿಕೊಂಡದ್ದು ಟ್ರಯಂಫ್ ಮಾಡೆಲ್ ಎಚ್. ಯುದ್ಧಕ್ಕೆಂದೇ ಸುಮಾರು 30,000 ತಯಾರಾದವು. ಅದರಲ್ಲಿ ಎಕ್ಸಿಲರೇಟರ್ ತಿರುಗಿಸುವ ಗ್ರಿಪ್ ಅಲ್ಲ, ಹ್ಯಾಂಡಲ್ ಮೇಲೊಂದು ಪುಟ್ಟ ಲಿವರ್. ತಳ್ಳಿದ ಜಾಗದಲ್ಲಿ ಅದು ಅಲ್ಲೇ ನಿಲ್ಲುತ್ತಿತ್ತು. ಅಂದರೆ ನೇರ ರಸ್ತೆಯಲ್ಲಿ ಬಲಗೈ ಬಿಟ್ಟರೂ ಬೈಕ್ ಅದೇ ವೇಗದಲ್ಲಿ ಹೋಗುತ್ತದೆ. ಒಂದೊಂದೇ ಕೈಯನ್ನು ಕೋಟಿನೊಳಗೆ ಇಟ್ಟು ಬಿಸಿ ಮಾಡಿಕೊಳ್ಳಲು ಏನಡ್ಡಿ?

ತಿರುಗಿಸುವ ಗ್ರಿಪ್ ಆಗಲೂ ಹೊಸದೇನಲ್ಲ. ಸಿಲ್ವೆಸ್ಟರ್ ರೋಪರ್ 1860ರ ದಶಕದಲ್ಲಿ ಕಟ್ಟಿದ ಉಗಿಯಂತ್ರದ ಬೈಕಿನಲ್ಲಿ ಹ್ಯಾಂಡಲನ್ನೇ ತಿರುಗಿಸಬೇಕಿತ್ತು. (ಬಾಯ್ಲರ್ ಸೀಟಿನ ಕೆಳಗೆ, ಕಾಲಾದರೂ ಬೆಚ್ಚಗಿದ್ದಿರಬೇಕು. 1885ರ ನವೆಂಬರ್‌ನಲ್ಲಿ ಡೈಮ್ಲರ್‌ನ ಮಗ ಪಾಲ್ ಮೊದಲ ಪೆಟ್ರೋಲ್ ಬೈಕನ್ನು ಕಾನ್‌ಷ್ಟಾಟ್‌ನಿಂದ ಓಡಿಸಿದಾಗ ಇಗ್ನಿಷನ್ನಿನ ಕಾದ ಕೊಳವೆಯಿಂದ ಸೀಟಿಗೇ ಬೆಂಕಿ ಹತ್ತಿತಂತೆ. ಬಿಸಿ ಬೇಕಾದ ಜಾಗದಲ್ಲಿ ಬಿಟ್ಟು ಬೇರೆಲ್ಲ ಕಡೆ ಇತ್ತು ಅನ್ನಿ!) ಅಮೆರಿಕದಲ್ಲಿ ಗ್ಲೆನ್ ಕರ್ಟಿಸ್, ಇಂಡಿಯನ್ ಕಂಪನಿ ಇವರೆಲ್ಲ 1900ರ ದಶಕದಲ್ಲೇ ಗ್ರಿಪ್ ತಿರುಗಿಸುವುದನ್ನು ತಂದರು. 1930ರ ದಶಕದ ಹೊತ್ತಿಗೆ ಬ್ರಿಟನ್ನಿನಲ್ಲೂ ಲಿವರ್ ಮೂಲೆ ಸೇರಿತು. 1970ರ ದಶಕದಲ್ಲಿ ಅಮೆರಿಕ ಸರ್ಕಾರ ಕೈ ಬಿಟ್ಟರೆ ಎಕ್ಸಿಲರೇಟರ್ ತಾನೇ ಮುಚ್ಚಿಕೊಳ್ಳಬೇಕು ಎಂದು ನಿಯಮ ಮಾಡಿತು. ಒಳ್ಳೆಯ ನಿಯಮವೇ, ಬಿದ್ದಾಗ ಬೈಕ್ ಸವಾರನನ್ನು ಬಿಟ್ಟು ಓಡಿಹೋಗಬಾರದು. ಆದರೆ ಅಲ್ಲಿಗೆ ಬಲಗೈ ಗ್ರಿಪ್ಪಿಗೆ ಕಟ್ಟುಬಿತ್ತು. ಎಡಗೈಗೆ ಆಗಾಗ ಬಿಡುವು ಸಿಗುತ್ತದೆ, ಬಲಗೈಗೆ ಇಲ್ಲ. ಮುಂದಿನ ಬ್ರೇಕ್ ಹಿಡಿಯಬೇಕಾದದ್ದೂ ಅದೇ ಕೈ.

ನಮ್ಮ ಯೆಜ್ಡಿಯಲ್ಲಂತೂ ಎಡಗೈ ಮಹಾರಾಜ. ಜಾವಾದ ಮೂಲ ಜೆಕ್ ದೇಶ. ನಾಜಿಗಳ ಆಕ್ರಮಣ ಇದ್ದಾಗ ಗುಟ್ಟಾಗಿ ರೂಪಿಸಿ 1946ರಲ್ಲಿ ಹೊರತಂದ 'ಪೆರಾಕ್' ಬೈಕಿನಲ್ಲಿ, ಕಾಲಲ್ಲಿ ಗೇರ್ ಒತ್ತಿದರೆ ಕ್ಲಚ್ ತಾನಾಗೇ ಬಿಡುವ ಏರ್ಪಾಡಿತ್ತು. ಅದೇ ವಂಶ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾಕ್ಕೆ ಬಂತು. ಜಾವಾ, ಯೆಜ್ಡಿ ಓಡಿಸಿದವರಿಗೆ ಗೊತ್ತು, ಓಡುತ್ತಿರುವಾಗ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಚಳಿಗೆಂದು ಮಾಡಿದ್ದಲ್ಲ, ಆದರೂ ಅಪ್ಪ ಎಡಗೈ ಜೇಬಿನಲ್ಲಿಟ್ಟುಕೊಂಡೇ ಕುಶಾಲನಗರ ತಲುಪುತ್ತಿದ್ದರಂತೆ. ನೀವು ಮಾಡಬೇಡಿ ಮತ್ತೆ!

ತಲೆಗೆ ಸಿಕ್ಕ ಅದೃಷ್ಟ ಕೈಗೆ ಸಿಗಲಿಲ್ಲ. 1935ರಲ್ಲಿ 'ಅರೇಬಿಯಾದ ಲಾರೆನ್ಸ್' ಬೈಕಿನಿಂದ ಬಿದ್ದು ಸತ್ತಾಗ ಅವನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್ ಸವಾರರ ತಲೆಯ ಪೆಟ್ಟಿನ ಬೆನ್ನುಹತ್ತಿದರು. 1941ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು, ಅದೇ ವರ್ಷ ಬ್ರಿಟಿಷ್ ಸೇನೆಯ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಆದರೆ ಮರಗಟ್ಟಿದ ಬೆರಳಿನಿಂದ ಬ್ರೇಕ್ ಹಿಡಿಯಲಾರದೆ ಸತ್ತವನನ್ನು ಏನೆಂದು ಬರೆದುಕೊಳ್ಳುತ್ತಾರೆ? 'ಬಸ್ಸಿಗೆ ಡಿಕ್ಕಿ' ಎಂದು. ಬೆರಳಿನ ಹೆಸರು ಎಲ್ಲೂ ಬರುವುದಿಲ್ಲ.

ಹಾಗಾಗಿ ಉಪಾಯ ಹುಡುಕಿದ್ದು ಚಳಿಯಲ್ಲಿ ಓಡಿಸಲೇಬೇಕಾದವರು. 1941ರ ರಷ್ಯಾದ ಚಳಿಗಾಲದಲ್ಲಿ ಜರ್ಮನ್ ಸೇನೆಯ ಬೈಕ್ ಪಡೆಗಳು ಕೆಸರು, ಹಿಮ ಎರಡಕ್ಕೂ ಸೋತವು. ಆಮೇಲೆ ಬಿಎಂಡಬ್ಲ್ಯು ಆರ್ 75 ಬೈಕುಗಳಿಗೆ ಎಂಜಿನ್ನಿನ ಬಿಸಿಯನ್ನು ಕೊಳವೆಯಲ್ಲಿ ಸವಾರನ ಕಾಲಿಗೂ ಸೈಡ್‌ಕಾರಿಗೂ ಹಾಯಿಸುವ ವ್ಯವಸ್ಥೆ ಮಾಡಿದರು. ಯುದ್ಧ ಮುಗಿದು ಹತ್ತು ವರ್ಷದ ಮೇಲೆ, 1956ರ ಜನವರಿಯಲ್ಲಿ, ಅರ್ನ್ಸ್ಟ್ ಲೆವರ್ಕುಸ್ ಎಂಬ ಪತ್ರಕರ್ತ ಸ್ಟುಟ್‌ಗಾರ್ಟ್ ಬಳಿಯ ಸಾಲಿಟ್ಯೂಡ್‌ಗೆ ಸವಾರರನ್ನು ಕರೆದ. 'ಹಸಿರು ಆನೆ' ಎಂಬ ಅಡ್ಡಹೆಸರಿನ ಟ್ಸುಂಡಾಪ್ ಸೈಡ್‌ಕಾರ್ ಬೈಕಿನವರ ಕೂಟ. ಅದೇ 'ಆನೆಗಳ ಜಾತ್ರೆ'. 1989ರಿಂದ ಬವೇರಿಯಾದ ಕಾಡಿನಲ್ಲಿ ನಡೆಯುತ್ತಾ ಬಂದಿದೆ, ಹಿಮದಲ್ಲಿ ಡೇರೆ ಹಾಕಿಕೊಂಡು. ಅಲ್ಲಿನ ಫೋಟೋಗಳನ್ನು ಮೊದಲ ಸಲ ನೋಡಿದಾಗ ಬೆಚ್ಚಿದೆ. ಬೈಕಿನ ಹ್ಯಾಂಡಲ್‌ಗಳಿಗೆ ಎರಡು ಚೀಲ! ಥೇಟ್ ಅಪ್ಪನದೇ. ಪ್ಯಾರಿಸ್‌ನ ಸ್ಕೂಟರ್‌ಗಳಲ್ಲೂ ದೆಹಲಿಯ ಹಾಲಿನವರ ಬೈಕ್‌ಗಳಲ್ಲೂ ಅದೇ ಚೀಲ. ಚೀನಾದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ಪೂರ್ತಿ ರಜಾಯಿಯನ್ನೇ ಕಟ್ಟಿಕೊಳ್ಳುತ್ತಾರೆ. ಚೀಲದೊಳಗೆ ಗಾಳಿ ಇಲ್ಲದ್ದರಿಂದ ತೆಳು ಗ್ಲೌಸ್ ಸಾಕು. ತೆಳು ಗ್ಲೌಸ್ ಆದ್ದರಿಂದ ಬ್ರೇಕ್ ಕೈಗೆ ಗೊತ್ತಾಗುತ್ತದೆ. ದಪ್ಪ ಗ್ಲೌಸ್ ಮಾರುವವರು ಈ ಎರಡನೇ ಮಾತನ್ನು ಹೇಳುವುದಿಲ್ಲ.

1980ರ ದಶಕದಲ್ಲಿ ಬಿಎಂಡಬ್ಲ್ಯುದಂಥವರು ಕರೆಂಟಿನಿಂದ ಬಿಸಿಯಾಗುವ ಗ್ರಿಪ್ ಕೊಡತೊಡಗಿದರು. ನಮ್ಮ ಯೆಜ್ಡಿಯ 6 ವೋಲ್ಟಿಗೆ ಹೆಡ್‌ಲೈಟೇ ಮಿಣುಕುತ್ತಿತ್ತು, ಗ್ರಿಪ್ ಎಲ್ಲಿಂದ ಕಾಯಬೇಕು! ಒಮ್ಮೆ ಗೆಳೆಯನೊಬ್ಬನ ಬೈಕಿನಲ್ಲಿ ಅಂಥ ಗ್ರಿಪ್ ಹಿಡಿದು ನೋಡಿದ್ದೇನೆ. ಅಂಗೈ ದೋಸೆ ಹಂಚು, ಮೇಲ್ಗೈ ಫ್ರಿಜ್ಜು. ಗಾಳಿ ಬಡಿಯುವುದು ಮೇಲ್ಗೈಗೆ ತಾನೇ? ಚೀಲ ಇದ್ದರೆ ಮಾತ್ರ ಆ ಗ್ರಿಪ್ಪಿಗೆ ಅರ್ಥ.

ಪೇಪರಿನ ಕತೆಯೊಂದು ಉಳಿಯಿತು. ಎದೆಗೆ ಪೇಪರ್ ಇಟ್ಟರೆ ಕೈ ಯಾಕೆ ಬೆಚ್ಚಗಾಗುತ್ತದೆ? ಟೂರ್ ಡಿ ಫ್ರಾನ್ಸ್ ಸೈಕಲ್ ಸವಾರರೂ ಬೆಟ್ಟ ಇಳಿಯುವಾಗ ಅಂಗಿಯೊಳಗೆ ಪೇಪರ್ ತುರುಕಿಕೊಳ್ಳುತ್ತಿದ್ದರು. ಒಡಲು ತಣ್ಣಗಾಗುತ್ತಿದ್ದಂತೆ ದೇಹ ಮೊದಲು ಕೈಬಿಡುವುದು ಬೆರಳುಗಳನ್ನು. ಅಲ್ಲಿನ ರಕ್ತನಾಳ ಬಿಗಿದು, ರಕ್ತವನ್ನು ಹೃದಯ ಶ್ವಾಸಕೋಶಕ್ಕೆ ಉಳಿಸಿಕೊಳ್ಳುತ್ತದೆ. ಕೆನಡಾದ ರಕ್ಷಣಾ ಸಂಶೋಧಕರು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ ಜನರನ್ನು ಕೂರಿಸಿ, ಎದೆ ಬೆನ್ನನ್ನು ಮಾತ್ರ ಬಿಸಿ ಮಾಡಿ ನೋಡಿದರು. ಗ್ಲೌಸಿಲ್ಲದ ಕೈಗಳು ಹಾಯಾಗಿದ್ದವು. 1998ರಲ್ಲಿ ಅದನ್ನು ಪ್ರಕಟಿಸಿದರು. ಅಪ್ಪನಿಗೆ ಇದನ್ನು ಹೇಳಿದರೆ, "ಅದಕ್ಕೆ ಕೆನಡಾದಿಂದ ಬರಬೇಕಿತ್ತಾ?" ಎಂದರು.

ಬಿದ್ದ ವಿಷಯ ಮಾತ್ರ ಅವರಿಗೆ ಹೇಳಿರಲಿಲ್ಲ. ವಾರದ ನಂತರ ಬೈಕ್ ಮನೆಗೆ ತಂದಾಗ ಬ್ರೇಕ್ ಲಿವರ್ ತುಸು ಬಾಗಿತ್ತು. "ಸ್ಟ್ಯಾಂಡ್ ಸರಿ ಹಾಕಿರಲಿಲ್ಲ, ಬಿದ್ದುಹೋಯ್ತು" ಎಂದೆ. ಅಪ್ಪ ಲಿವರ್ ನೋಡಿದರು, ನನ್ನ ಪ್ಯಾಂಟಿನ ಮಂಡಿ ನೋಡಿದರು, ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ರೆಕ್ಸಿನ್ ನೋಡಿದರು. ಏನೂ ಕೇಳಲಿಲ್ಲ. ಮುಂದಿನ ಸಲ ಹೊರಟಾಗ ಅದೇ ಚೀಲಗಳಿಗೆ ಒಳಗಡೆ ಹಳೇ ಕಂಬಳಿ ತುಂಡು ಹೊಲಿಸಿಟ್ಟಿದ್ದರು. ಆ ಸಲ ತಿರುವಿನಲ್ಲಿ ನಿಲ್ಲಿಸಲಿಲ್ಲ, ಮೈಸೂರಿನ ತನಕ ಹಾಗೇ ಹೋದೆ. ಹಾಸ್ಟೆಲಿನಲ್ಲಿ ಎರಡು ತಿಂಗಳು 'ಹಾಲಿನವನು' ಎಂದೇ ಕರೆದರು.

ನಿಮ್ಮ ಕಡೆ, ಬೀದರ್, ಚಿಕ್ಕಮಗಳೂರು, ಸಕಲೇಶಪುರದಲ್ಲಿ, ಹಾಲಿನವರು ಪೇಪರಿನವರು ಕೈಗೆ ಏನು ಕಟ್ಟಿಕೊಳ್ಳುತ್ತಾರೆ? ಗೊತ್ತಿದ್ದರೆ ತಿಳಿಸಿ. ನಮ್ಮ ಚೀಲದ ಕಂಬಳಿ ನುಸಿ ತಿಂದಿದೆ, ಹೊಸದು ಹೊಲಿಸಬೇಕು.