ಸುನಿಲ್ ಛೇತ್ರಿಯವರ ವಿದೇಶಿ ಕ್ಲಬ್ ವೃತ್ತಿಜೀವನ

ಸುನಿಲ್ ಛೇತ್ರಿ (ಜನನ: 3 ಆಗಸ್ಟ್ 1984, ಸಿಕಂದರಾಬಾದ್) ಭಾರತದ ಫುಟ್‌ಬಾಲ್ ಆಟಗಾರರು. ಸ್ಟ್ರೈಕರ್ ಸ್ಥಾನದಲ್ಲಿ ಆಡುವ ಇವರು ಬೆಂಗಳೂರು ಎಫ್‌ಸಿ ತಂಡದ ಮೂಲಕ ಕರ್ನಾಟಕದಲ್ಲಿ ಮನೆಮಾತಾದರು. ಅದಕ್ಕೂ ಮೊದಲು ಮೂರು ಬಾರಿ ವಿದೇಶಿ ಕ್ಲಬ್‌ಗಳ ಬಾಗಿಲು ತಟ್ಟಿದ್ದರು.

ವಿದೇಶದಲ್ಲಿ

2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಇವರನ್ನು ಸೇರಿಸಿಕೊಳ್ಳಲು ಮುಂದಾಯಿತು. ಆದರೆ ಫಿಫಾ ಶ್ರೇಯಾಂಕದ ಮೊದಲ 70 ದೇಶಗಳಲ್ಲಿ ಭಾರತ ಇಲ್ಲದ ಕಾರಣ ಕೆಲಸದ ಪರವಾನಗಿ ದೊರೆಯಲಿಲ್ಲ. 2010ರ ಮಾರ್ಚ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜಾರ್ಡ್ಸ್ ಸೇರಿದರೂ ಮೇಜರ್ ಲೀಗ್ ಪಂದ್ಯವೊಂದರಲ್ಲೂ ಕಣಕ್ಕಿಳಿಯಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ 'ಬಿ' ತಂಡಕ್ಕೆ ಹೋದರು. ಅಲ್ಲಿಯೂ ಅವಕಾಶಗಳು ವಿರಳವಾಗಿದ್ದವು. 2013ರ ಆರಂಭದಲ್ಲಿ ಎರವಲು ಆಟಗಾರರಾಗಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಮರಳಿದರು.

ಬೆಂಗಳೂರಿನಲ್ಲಿ

2013ರಲ್ಲಿ ಹೊಸದಾಗಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ, ಇವರ ನಾಯಕತ್ವದಲ್ಲಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡದ ವಿರುದ್ಧ ಛೇತ್ರಿ ಎರಡು ಗೋಲು ಹೊಡೆದರು. 3–1ರ ಆ ಗೆಲುವಿನಿಂದ ಬೆಂಗಳೂರು, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ತಂಡಕ್ಕೆ 0–1ರಿಂದ ಸೋತಿತು.

ರಾಷ್ಟ್ರೀಯ ತಂಡ

ವಿದೇಶಿ ಲೀಗ್‌ಗಳಲ್ಲಿ ನೆಲೆಯೂರದಿದ್ದರೂ ಭಾರತದ ಪರ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರು ಇವರೇ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತರಾದಾಗ ಇವರ ಗಳಿಕೆ 151 ಪಂದ್ಯಗಳಲ್ಲಿ 94 ಗೋಲು. 2025ರ ಮಾರ್ಚ್‌ನಲ್ಲಿ ಮತ್ತೆ ರಾಷ್ಟ್ರೀಯ ತಂಡಕ್ಕೆ ಮರಳಿದರು.