ಪರಿಹಾರದ ಅರ್ಜಿ ಬಾಕಿ ಇರುವಾಗ ನಿವೃತ್ತಿ: ನೌಕರನ ಹಕ್ಕೇನು?

ಕೆಲಸದ ವೇಳೆ ಗಾಯಗೊಂಡ ನೌಕರನ ಪರಿಹಾರದ ಅರ್ಜಿ ಇತ್ಯರ್ಥವಾಗುವ ಮೊದಲೇ ಆತನ ನಿವೃತ್ತಿಯ ದಿನ ಬಂದುಬಿಡುವುದು ಅಪರೂಪವಲ್ಲ. ಸೇವೆಯಲ್ಲೇ ಇಲ್ಲದವರಿಗೆ ಇನ್ನೆಂತಹ ಪರಿಹಾರ ಎಂಬ ಮಾತನ್ನು ನಂಬಿ ಅರ್ಜಿ ಕೈಬಿಡುವವರಿದ್ದಾರೆ. ಅಂತಿಮ ಲೆಕ್ಕ ಚುಕ್ತಾ ಆಗಿದೆ ಎಂಬ ಕಾಗದಕ್ಕೆ ಓದದೆ ಸಹಿ ಹಾಕುವವರೂ ಇದ್ದಾರೆ. ಆದರೆ ಕಾನೂನಿನ ನಿಲುವು ಬೇರೆ. ಪರಿಹಾರದ ಹಕ್ಕು ಹುಟ್ಟುವುದು ಅಪಘಾತ ಸಂಭವಿಸಿದ ದಿನ. ಆನಂತರದ ನಿವೃತ್ತಿ ಅದನ್ನು ಅಳಿಸುವುದಿಲ್ಲ.

ಅನ್ವಯವಾಗುವ ಕಾನೂನು

ಈ ವಿಷಯಕ್ಕೆ ದೀರ್ಘಕಾಲ ಆಧಾರವಾಗಿದ್ದುದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2009ರ ತಿದ್ದುಪಡಿಯ ಮೂಲಕ ಅದು ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಈ ಕಾಯ್ದೆಯ ಜೊತೆಗೆ ನೌಕರರ ರಾಜ್ಯ ವಿಮೆ, ಗ್ರಾಚ್ಯುಟಿ ಮೊದಲಾದ ಕಾಯ್ದೆಗಳ ಸ್ಥಾನವನ್ನೂ ಪಡೆದಿದೆ. ಪರಿಹಾರದ ಮೂಲ ತತ್ವಗಳು ಸಂಹಿತೆಯಲ್ಲಿಯೂ ಮುಂದುವರಿದಿವೆ. ಸಂಹಿತೆ ಜಾರಿಗೆ ಬರುವ ಮೊದಲು ನಡೆದ ಅಪಘಾತಗಳಲ್ಲಿ ಹುಟ್ಟಿದ ಹಕ್ಕುಗಳನ್ನು ಹಳೆಯ ಕಾಯ್ದೆಯ ಪ್ರಕಾರವೇ ನೋಡಬೇಕಾಗುತ್ತದೆ. ಈಗ ಬಾಕಿ ಇರುವ ಬಹುಪಾಲು ಅರ್ಜಿಗಳು ಇಂಥವೇ.

ಅಪಘಾತದ ದಿನವೇ ಆಧಾರ

ಪರಿಹಾರ ಯಾವಾಗ ಸಲ್ಲಬೇಕಾಗುತ್ತದೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಪ್ರತಾಪ್ ನಾರಾಯಣ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ ಪ್ರಕರಣದಲ್ಲಿ ಉತ್ತರ ನೀಡಿದೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣವದು. ಮಾಲೀಕನ ಹೊಣೆ ಆರಂಭವಾಗುವುದು ಆಯುಕ್ತರು ಆದೇಶ ನೀಡಿದ ದಿನದಿಂದಲ್ಲ, ಗಾಯವಾದ ದಿನದಿಂದಲೇ ಎಂದು ನ್ಯಾಯಾಲಯ 1975ರಲ್ಲಿ ತೀರ್ಪಿತ್ತಿತು.

ಈ ತತ್ವದ ಪರಿಣಾಮ ಲೆಕ್ಕಾಚಾರದಲ್ಲಿ ನೇರವಾಗಿ ಕಾಣುತ್ತದೆ. ಶಾಶ್ವತ ಪೂರ್ಣ ಅಶಕ್ತತೆಗೆ ಮಾಸಿಕ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. ಭಾಗಶಃ ಅಶಕ್ತತೆಯಾದರೆ ದುಡಿಮೆಯ ಸಾಮರ್ಥ್ಯ ಕುಂದಿದ ಪ್ರಮಾಣದಷ್ಟು ಮೊತ್ತ ಸಲ್ಲುತ್ತದೆ. ಲೆಕ್ಕಕ್ಕೆ ಪರಿಗಣಿಸುವ ವೇತನದ ಮಿತಿಯನ್ನು 2020ರಲ್ಲಿ 8,000 ರೂ.ನಿಂದ 15,000 ರೂ.ಗೆ ಏರಿಸಲಾಯಿತು.

ಉದಾಹರಣೆಗೆ, 15,000 ರೂ.ಗಿಂತ ಹೆಚ್ಚು ವೇತನವಿದ್ದ ನೌಕರನೊಬ್ಬ 2022ರಲ್ಲಿ, ತನ್ನ 59ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಲುಕಿ ಹೆಬ್ಬೆರಳು ಕಳೆದುಕೊಂಡನೆಂದು ಭಾವಿಸೋಣ. ಕಾಯ್ದೆಯ ಅನುಸೂಚಿಯಂತೆ ಇದು ಶೇ. 30ರ ನಷ್ಟ. 59 ವರ್ಷಕ್ಕೆ ಗುಣಕ 121.05. ಹೀಗಾಗಿ 9,000 ರೂ.ಗಳನ್ನು 121.05ರಿಂದ ಗುಣಿಸಿ, ಅದರ ಶೇ. 30 ತೆಗೆದರೆ 3,26,835 ರೂ. ಆಗುತ್ತದೆ. ಆತ 60ಕ್ಕೆ ನಿವೃತ್ತನಾಗಿ, ಆದೇಶ ಬರುವಾಗ 62 ವರ್ಷ ದಾಟಿದ್ದರೂ ಈ ಮೊತ್ತ ಬದಲಾಗದು. ತಪ್ಪಾಗಿ 62ರ ಗುಣಕವಾದ 110.14ನ್ನು ಬಳಸಿದರೆ ಸಿಗುವುದು 2,97,378 ರೂ. ಮಾತ್ರ; ಅಂದರೆ 29,457 ರೂ. ಖೋತಾ. ಆದ್ದರಿಂದ ಆದೇಶದಲ್ಲಿ ಯಾವ ದಿನದ ವಯಸ್ಸನ್ನು ಹಿಡಿದಿದ್ದಾರೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಪಾವತಿಯಾಗದಿದ್ದರೆ ವಾರ್ಷಿಕ ಶೇ. 12ರ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದರೆ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು. ನಿವೃತ್ತಿಯ ಬಳಿಕ ಪ್ರಕರಣ ಎಳೆದಾಡಿದಷ್ಟೂ ಬಡ್ಡಿ ಬೆಳೆಯುತ್ತದೆ.

‘ಸಂಬಳವೇ ಇಲ್ಲ, ನಷ್ಟವೆಲ್ಲಿ?’

ಅಪಘಾತದ ನಂತರವೂ ಅದೇ ಸಂಬಳ ಕೊಟ್ಟಿದ್ದೇವೆ, ಈಗ ನಿವೃತ್ತಿಯಾಗಿದೆ, ಹಾಗಾಗಿ ನಷ್ಟವೇ ಇಲ್ಲ ಎಂಬ ವಾದವನ್ನು ಮಾಲೀಕರು ಮುಂದಿಡುವುದುಂಟು. ಕಾನೂನು ಅಳೆಯುವುದು ದುಡಿಮೆಯ ಸಾಮರ್ಥ್ಯವನ್ನೇ ಹೊರತು ಕೈಗೆ ಬರುವ ಸಂಬಳವನ್ನಲ್ಲ. ಅಪಘಾತದ ಸಮಯದಲ್ಲಿ ಆ ವ್ಯಕ್ತಿ ಮಾಡಬಲ್ಲವನಾಗಿದ್ದ ಎಲ್ಲ ಬಗೆಯ ಕೆಲಸಗಳಲ್ಲಿ ಗಳಿಕೆಯ ಶಕ್ತಿ ಎಷ್ಟು ಕುಂದಿತು ಎಂಬುದೇ ಮುಖ್ಯ. ಗುಣಕಗಳ ಪಟ್ಟಿ 58ಕ್ಕೋ 60ಕ್ಕೋ ನಿಂತಿಲ್ಲ. 65 ಮತ್ತು ಅದಕ್ಕೂ ಮೇಲಿನ ವಯಸ್ಸಿನವರಿಗೆ 99.37 ಎಂಬ ಗುಣಕವಿದೆ. ನಿವೃತ್ತಿಯೊಂದಿಗೆ ಮನುಷ್ಯನ ದುಡಿಮೆಯ ಶಕ್ತಿ ಮುಗಿಯಿತೆಂದು ಕಾನೂನು ಭಾವಿಸಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ತಾತ್ಕಾಲಿಕ ಅಶಕ್ತತೆಗೆ ಪ್ರತಿ ಅರ್ಧ ತಿಂಗಳಿಗೆ ಮಾಸಿಕ ವೇತನದ ಶೇ. 25ರಷ್ಟು ಪಾವತಿ ಸಲ್ಲುತ್ತದೆ. ಅಶಕ್ತತೆ ಇರುವಷ್ಟು ಕಾಲ ಅಥವಾ ಐದು ವರ್ಷ, ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಇದರ ಮಿತಿ. ನಿವೃತ್ತಿಯ ದಿನವನ್ನು ಕಾಯ್ದೆ ಮಿತಿಯಾಗಿ ಹೇಳಿಲ್ಲ.

ರಾಜೀನಾಮೆ, ಸ್ವಯಂ ನಿವೃತ್ತಿ, ಚುಕ್ತಾ ಪತ್ರ

ಹೆಚ್ಚಿನ ಹಾನಿ ಆಗುವುದು ಈ ಹಂತದಲ್ಲಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಮಾಲೀಕನ ಹೊಣೆಯನ್ನು ಕಡಿಮೆ ಮಾಡುವ ಯಾವುದೇ ಒಪ್ಪಂದ ಅಷ್ಟರಮಟ್ಟಿಗೆ ಅನೂರ್ಜಿತ. ಯಾವುದೇ ಬಾಕಿ ಇಲ್ಲ ಎಂದು ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೂ ಅಂತಹ ಕಾಗದ ಪ್ರಕರಣವನ್ನು ಗೋಜಲುಗೊಳಿಸುತ್ತದೆ. ಸಹಿ ಅನಿವಾರ್ಯವಾದರೆ ಪರಿಹಾರದ ಅರ್ಜಿ ಬಾಕಿ ಇದೆ ಎಂದು ಬರೆದು ಸಹಿ ಮಾಡುವುದು ಲೇಸು. ರಾಜಿಯಾಗಿ ಒಂದೇ ಗಂಟಿನ ಮೊತ್ತ ಪಡೆಯುವುದಾದರೆ ಒಪ್ಪಂದವನ್ನು ಆಯುಕ್ತರ ಬಳಿ ನೋಂದಾಯಿಸಬೇಕು.

ಗ್ರಾಚ್ಯುಟಿ, ಭವಿಷ್ಯ ನಿಧಿ, ಪಿಂಚಣಿ ಇವು ಸೇವೆಯ ಫಲ. ಪರಿಹಾರ ಗಾಯಕ್ಕೆ ಸಲ್ಲುವಂಥದ್ದು. ಒಂದನ್ನು ಕೊಟ್ಟ ಕಾರಣಕ್ಕೆ ಇನ್ನೊಂದನ್ನು ತಡೆಯುವಂತಿಲ್ಲ. ನೌಕರನ ಸಾಲದ ಬಾಕಿಯನ್ನು ಪರಿಹಾರದ ಮೊತ್ತದಲ್ಲಿ ವಜಾ ಮಾಡಿಕೊಳ್ಳುವುದಕ್ಕೂ ಅವಕಾಶವಿಲ್ಲ.

ಸರ್ಕಾರಿ ಇಲಾಖೆ, ನಿಗಮಗಳ ನೌಕರರಿಗೆ ಮತ್ತೊಂದು ರಕ್ಷಣೆಯಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ತುತ್ತಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಬೇರೆ ಹುದ್ದೆ ಇಲ್ಲವಾದರೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಬೇಕು. ಬೇರೆ ದಾರಿಯಿಲ್ಲವೆಂದು ಸ್ವಯಂ ನಿವೃತ್ತಿ ಬರೆದುಕೊಡುವ ಮುನ್ನ ಇದನ್ನು ತಿಳಿದಿರಬೇಕು.

ಇ.ಎಸ್.ಐ. ವ್ಯಾಪ್ತಿಯವರು

2017ರಿಂದ ಮಾಸಿಕ 21,000 ರೂ.ವರೆಗಿನ ವೇತನದಾರರು ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಸೇರಿದ್ದಾರೆ. ಇವರು ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ವಿಮಾ ನಿಗಮವೇ ಪಾವತಿಸುತ್ತದೆ. ಶಾಶ್ವತ ಅಶಕ್ತತೆಯ ಮಾಸಿಕ ಸೌಲಭ್ಯ ಜೀವನಪರ್ಯಂತದ್ದು, ನಿವೃತ್ತಿಯೊಂದಿಗೆ ನಿಲ್ಲದು. ಕನಿಷ್ಠ ಐದು ವರ್ಷ ವಿಮಾ ವ್ಯಾಪ್ತಿಯಲ್ಲಿದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂ. ಪಾವತಿಯ ಮೇಲೆ ತಮಗೂ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯ ಪಡೆಯುವ ವ್ಯವಸ್ಥೆ ಈ ಯೋಜನೆಯಲ್ಲಿ ರೂಪುಗೊಂಡಿದೆ.

ನಿವೃತ್ತಿಯ ನಂತರ ಕಾಣಿಸಿಕೊಳ್ಳುವ ರೋಗ

ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಯಂತ್ರಗಳ ಸದ್ದಿನಿಂದಾಗುವ ಕಿವುಡು ತಕ್ಷಣ ತಿಳಿಯುವಂಥವಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರನ್ನು ಸಿಲಿಕೋಸಿಸ್ ಕಾಡಿದ್ದು ನಾಡಿಗೆ ಗೊತ್ತಿರುವ ಸಂಗತಿ. ಕೆಲಸ ಬಿಟ್ಟ ಮೇಲೆ ಬಂದ ಔದ್ಯೋಗಿಕ ರೋಗವೂ ಆ ಕೆಲಸದಿಂದಲೇ ಉಂಟಾಯಿತೆಂದು ಸಾಬೀತಾದರೆ ಅಪಘಾತಕ್ಕೆ ಸಮ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ, ಅದು ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು 1923ರ ಕಾಯ್ದೆ ಪರಿಗಣಿಸುತ್ತದೆ. ಅಲ್ಲಿಂದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿದೆ.

ಊರಿಗೆ ಮರಳುವ ಮುನ್ನ

ನಿವೃತ್ತರು ಸ್ವಂತ ಊರಿಗೆ ಹೋಗಿ ನೆಲೆಸುವುದು ಸಾಮಾನ್ಯ. ತಾವು ವಾಸಿಸುವ ಪ್ರದೇಶದಲ್ಲಿಯೇ ಅರ್ಜಿ ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಅಪಘಾತದ ಸೂಚನೆ ಕೊಟ್ಟ ಬಳಿಕ ಮಾಲೀಕನು ನಿಗದಿತ ಅವಧಿಯಲ್ಲಿ ಉಚಿತ ವೈದ್ಯಕೀಯ ತಪಾಸಣೆಗೆ ಕರೆಯಬಹುದು. ಅದಕ್ಕೆ ಒಳಗಾಗದೆ ಊರು ಬಿಟ್ಟರೆ, ಮರಳಿ ಬಂದು ತಪಾಸಣೆಗೆ ಸಿದ್ಧನಾಗುವವರೆಗೆ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತದೆ.

ಸೇವೆಯ ಕೊನೆಯ ದಿನದೊಳಗೆ ಅಪಘಾತದ ವರದಿಯ ಪ್ರತಿ, ಅಪಘಾತದ ಹಿಂದಿನ 12 ತಿಂಗಳ ವೇತನ ಚೀಟಿಗಳು, ಹಾಜರಾತಿ ದಾಖಲೆ ಮತ್ತು ವಯಸ್ಸಿನ ಪುರಾವೆಯನ್ನು ಪಡೆದಿಟ್ಟುಕೊಳ್ಳಬೇಕು. ಗಾಯದ ಚಿಕಿತ್ಸೆಗೆ ಆದ ನೈಜ ವೆಚ್ಚವನ್ನು ಮಾಲೀಕ ಭರಿಸಬೇಕೆಂದು 2009ರ ತಿದ್ದುಪಡಿ ಹೇಳಿರುವುದರಿಂದ ಆಸ್ಪತ್ರೆ, ಔಷಧಿಗಳ ಬಿಲ್ಲುಗಳನ್ನೂ ಎಸೆಯಬಾರದು. ನೌಕರಿಯ ಗುರುತಿನ ಚೀಟಿ ಮರಳಿಸಿದ ಮೇಲೆ ಕಚೇರಿಯ ಕಡತಗಳಿಂದ ಈ ಕಾಗದಗಳನ್ನು ಹೊರತೆಗೆಸುವುದು ಬಹಳ ಕಷ್ಟ.